ಮಂದಾಯಿ ಧರ್ಮ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಪತ್ರಿಕೆಗಳು ‘ಮ್ಯಾಂಡಿಯನ್’ ಎಂದು ಬರೆಯುವ ಜನ ತಮ್ಮನ್ನು ತಾವು ಕರೆದುಕೊಳ್ಳುವುದು ಮಂದಾಯಿಗಳು ಎಂದು. ಇಲ್ಲಿ ಅದೇ ಹೆಸರನ್ನು ಇಟ್ಟುಕೊಂಡಿದ್ದೇವೆ. ಈ ಧರ್ಮದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬೆಳಕು–ಕತ್ತಲೆಯ ಸಿದ್ಧಾಂತ ವಿವರಿಸಿ ನಿಲ್ಲಿಸಿಬಿಡುತ್ತಾರೆ. ಆದರೆ ಇದು ಹೊಳೆಯ ನೀರಿನಲ್ಲಿ ಮೊಣಕಾಲುದ್ದ ನಿಂತು ಆಚರಿಸುವ ಧರ್ಮ. ನೀರಿಗಿಳಿಯುವ ಕ್ರಮ ತಿಳಿಯದಿದ್ದರೆ ಅದರ ದೇವಲೋಕ ಬರೀ ಹೆಸರುಗಳ ಪಟ್ಟಿಯಾಗಿ ಕಾಣುತ್ತದೆ. ಹಾಗಾಗಿ ಕೆಳಗೆ ಸ್ನಾನದ ಭಾಗವೇ ಎಲ್ಲಕ್ಕಿಂತ ಉದ್ದವಾಗಿದೆ.

ಮಂದಾಯಿಗಳು ಯಾರು? ಎಲ್ಲಿಯವರು?

ದಕ್ಷಿಣ ಇರಾಕ್ ಮತ್ತು ಅದಕ್ಕೆ ತಾಗಿಕೊಂಡಿರುವ ಇರಾನಿನ ಖುಜಿಸ್ತಾನ್ ಪ್ರಾಂತ್ಯದವರು. ಟೈಗ್ರಿಸ್, ಯೂಫ್ರಟೀಸ್, ಕಾರೂನ್ ನದಿಗಳ ದಂಡೆಯಲ್ಲೂ ಜೊಂಡು ಬೆಳೆದ ಜೌಗು ಸೀಮೆಯಲ್ಲೂ ಶತಮಾನಗಳಿಂದ ಬದುಕಿದವರು. ಅಮಾರಾ, ಕಲಾತ್ ಸಾಲಿಹ್, ಸೂಕ್ ಅಲ್-ಶುಯೂಖ್, ನಾಸಿರಿಯಾ, ಬಸ್ರಾ, ಇರಾನಿನ ಕಡೆ ಅಹ್ವಾಜ್, ಖುರ್ರಮ್‌ಶಹರ್, ಶೂಶ್ತರ್ ಇವರ ಹಳೆಯ ಊರುಗಳು. ನೆರೆಯ ಅರಬ್ಬರು ಇವರನ್ನು ಆಡುಮಾತಿನಲ್ಲಿ ‘ಸುಬ್ಬ’ ಎನ್ನುತ್ತಾರೆ. ಸರ್ಕಾರಿ ಕಾಗದಗಳಲ್ಲಿ ‘ಸಾಬಿಯನ್ ಮಂದಾಯಿ’ ಎಂದಿರುತ್ತದೆ. ಗಂಡಸರು ಹೆಚ್ಚಾಗಿ ಅಕ್ಕಸಾಲಿಗರು, ಕಮ್ಮಾರರು, ದೋಣಿ ಕಟ್ಟುವವರು. ಬೆಳ್ಳಿಯ ಮೇಲೆ ಕಪ್ಪು ಮಿಶ್ರಣ ತುಂಬಿ ಒಂಟೆ, ದೋಣಿ, ಖರ್ಜೂರದ ಮರಗಳ ಚಿತ್ರ ಮೂಡಿಸುವ ಅಮಾರಾದ ಕೆಲಸ ಇವರದೇ.

ಧಾರ್ಮಿಕ ಭಾಷೆ ಮಂದಾಯಿಕ್. ಇದು ಪೂರ್ವ ಅರಮಾಯಿಕ್‌ನ ಒಂದು ಕವಲು. ಲಿಪಿ ಪ್ರತ್ಯೇಕ, ಬಲದಿಂದ ಎಡಕ್ಕೆ ಓದಬೇಕು, 24 ಅಕ್ಷರ. ಕೊನೆಯ ಅಕ್ಷರವಾಗಿ ಮೊದಲನೆಯದೇ ಮರಳಿ ಬರುತ್ತದೆ. ಒಂದೊಂದು ಅಕ್ಷರವೂ ಬೆಳಕಿನ ಒಂದು ಶಕ್ತಿ ಎಂದು ನಂಬಿಕೆ. ಮನೆಮಾತಾಗಿ ಮಂದಾಯಿಕ್ ಆಡುವವರು ಇರಾನಿನ ಕಡೆಯ ಕೆಲವೇ ನೂರು ಜನ. ಉಳಿದವರದು ಅರಬಿ ಅಥವಾ ಪಾರ್ಸಿ.

ಗ್ನಾಸ್ಟಿಕ್ ಧರ್ಮ ಎಂದರೇನು? ಇದನ್ನು ಹಾಗೆ ಕರೆಯುವುದು ಯಾಕೆ?

ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಸಿರಿಯಾ, ಈಜಿಪ್ಟ್, ಮೆಸೊಪೊಟೇಮಿಯಾಗಳಲ್ಲಿ ಒಂದೇ ಬಗೆಯ ವಿಚಾರ ಹೇಳುವ ಹಲವು ಪಂಥಗಳಿದ್ದವು. ಮೇಲೊಂದು ಬೆಳಕಿನ ಲೋಕವಿದೆ, ಈ ಜಗತ್ತು ಪರಮದೈವದ ನೇರ ಸೃಷ್ಟಿಯಲ್ಲ, ಕೆಳದರ್ಜೆಯ ಒಬ್ಬ ಕರ್ತೃ ಇದನ್ನು ಮಾಡಿದ, ಮನುಷ್ಯನೊಳಗಿನ ಚೇತನ ಮೇಲಿನಿಂದ ಬಂದು ಇಲ್ಲಿ ಸಿಕ್ಕಿಬಿದ್ದಿದೆ, ತನ್ನ ಊರು ಯಾವುದು ಎಂಬ ಅರಿವೇ ಬಿಡುಗಡೆ ಎಂಬುದು ಅವುಗಳ ಸಾರ. ಉಳಿದ ಪಂಥಗಳೆಲ್ಲ ಅಳಿದುಹೋದವು. ಪುರೋಹಿತರು, ಗ್ರಂಥ, ವಿಧಿ, ಕುಟುಂಬಗಳ ಸಮೇತ ಇಂದಿಗೂ ಉಸಿರಾಡುತ್ತಿರುವುದು ಇದೊಂದೇ.

ಒಂದು ಎಚ್ಚರಿಕೆ. ಬೇರೆ ಗ್ನಾಸ್ಟಿಕ್ ಪಂಥಗಳಲ್ಲಿ ಸನ್ಯಾಸಕ್ಕೆ, ದೇಹದ ಜಿಗುಪ್ಸೆಗೆ ದೊಡ್ಡ ಜಾಗವಿತ್ತು. ಮಂದಾಯಿಗಳಲ್ಲಿ ಮದುವೆಯಾಗದೆ ಉಳಿಯುವುದೇ ಪಾಪ. ಪುಸ್ತಕದಲ್ಲಿ ಓದಿದ ಗ್ನಾಸ್ಟಿಕ್ ಚಿತ್ರವನ್ನು ಹಾಗೇ ತಂದು ಇವರ ಮೇಲೆ ಹೊದಿಸಿದರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೇವೆ.

ಜಗತ್ತು ಹೇಗೆ ಹುಟ್ಟಿತು ಎನ್ನುತ್ತಾರೆ?

ಮುಖ್ಯ ಗ್ರಂಥ ‘ಗಿಂಜಾ ರಬ್ಬಾ’ದಲ್ಲಿ ಒಂದಕ್ಕಿಂತ ಹೆಚ್ಚು ಸೃಷ್ಟಿಕಥೆಗಳಿವೆ, ಪರಸ್ಪರ ಹೊಂದುವುದೂ ಇಲ್ಲ. ಸಾಮಾನ್ಯವಾಗಿ ಹೇಳುವ ಹಂದರ ಹೀಗಿದೆ.

ಎಲ್ಲಕ್ಕೂ ಮೊದಲು ‘ಹಯ್ಯಿ ರಬ್ಬಿ’, ಅಂದರೆ ಮಹಾಜೀವ. ಅದಕ್ಕೆ ರೂಪವಿಲ್ಲ, ಮೂರ್ತಿಯಿಲ್ಲ. ಅದರಿಂದ ಬೆಳಕಿನ ಲೋಕಗಳೂ, ‘ಉಥ್ರಾ’ಗಳೆಂಬ ಲೆಕ್ಕವಿಲ್ಲದಷ್ಟು ತೇಜೋಮಯ ಜೀವಿಗಳೂ ಹೊಮ್ಮಿದವು. ಆಮೇಲೆ ಇಳಿಮುಖ. ಎರಡನೇ ಜೀವ ಯೋಶಮಿನ್ ತನ್ನದೇ ಲೋಕ ಕಟ್ಟಲು ಹೋಗಿ ಶಿಕ್ಷೆಗೆ ಗುರಿಯಾದ. ಮೂರನೆಯವನು ಅಬಾತುರ್; ಕೆಳಗಿನ ಕಪ್ಪು ನೀರಿನತ್ತ ಅವನು ದಿಟ್ಟಿಸಿದಾಗ ನಾಲ್ಕನೆಯವನಾದ ಪ್ತಾಹಿಲ್ ಹುಟ್ಟಿದ. ನಾವಿರುವ ‘ತಿಬಿಲ್’ ಎಂಬ ಭೂಮಿಯನ್ನು ಗಟ್ಟಿಗೊಳಿಸಿದವನು ಈ ಪ್ತಾಹಿಲ್. ಅವನ ಕೈಯಲ್ಲಿ ಕೆಲಸ ಮೊದಲು ಕೈಗೂಡಲಿಲ್ಲ. ಕತ್ತಲೆಯ ಲೋಕದ ‘ರೂಹಾ’ ನಡುವೆ ಬಂದಳು. ಅವಳೂ ‘ಉರ್’ ಎಂಬ ಮಹಾಸರ್ಪವೂ ಸೇರಿ ಏಳು ಗ್ರಹಗಳನ್ನೂ ಹನ್ನೆರಡು ರಾಶಿಗಳನ್ನೂ ಹೆತ್ತವರು.

ಪ್ತಾಹಿಲ್ ಆದಾಮನ ದೇಹವನ್ನೇನೋ ಮಾಡಿದ, ಆದರೆ ಅದು ಎದ್ದು ನಿಲ್ಲಲಿಲ್ಲ. ಜೀವ ಬಂದದ್ದು ಬೆಳಕಿನ ಲೋಕದಿಂದ ‘ನಿಶಿಮ್ತಾ’ ಎಂಬ ಆತ್ಮವನ್ನು ತಂದು ಒಳಗಿಟ್ಟಾಗ. ಹೀಗೆ ಒಳಗೆ ಬಿದ್ದ ಆತ್ಮಕ್ಕೆ ಅದರ ಮೂಲ ನೆನಪಿಸಲು ‘ಮಂದಾ ದ್ ಹಯ್ಯಿ’, ಅಂದರೆ ಜೀವಜ್ಞಾನವೆಂಬ ಉಥ್ರಾ, ಇಳಿದು ಬಂದು ಆದಾಮನಿಗೆ ಉಪದೇಶ ಮಾಡಿದ. ಆದ್ದರಿಂದ ತಮ್ಮ ಧರ್ಮ ಯಾವನೋ ಪ್ರವಾದಿಯಿಂದಲ್ಲ, ಮೊದಲ ಮನುಷ್ಯನಿಂದಲೇ ಶುರುವಾಯಿತು ಎಂಬುದು ಮಂದಾಯಿಗಳ ನಿಲುವು.

ಪ್ತಾಹಿಲ್ ಪೂರ್ತಿ ದುಷ್ಟನಲ್ಲ ಎಂಬುದು ಗಮನಿಸಬೇಕಾದ ಅಂಶ. ತಪ್ಪು ಮಾಡಿದ, ಶಿಕ್ಷೆ ಅನುಭವಿಸುತ್ತಿದ್ದಾನೆ, ಕೊನೆಗಾಲದಲ್ಲಿ ಅವನಿಗೂ ಸ್ನಾನ ಮಾಡಿಸಿ ಮೇಲಕ್ಕೆ ಕರೆದುಕೊಳ್ಳಲಾಗುತ್ತದೆ. ಜಗತ್ತಿನ ಒಟ್ಟು ಆಯುಸ್ಸು 4,80,000 ವರ್ಷ. ಅದರಲ್ಲಿ ಮನುಕುಲ ಈಗಾಗಲೇ ಮೂರು ಸಲ ಅಳಿದಿದೆ: ಕತ್ತಿ ಮತ್ತು ಪಿಡುಗಿನಿಂದ ಒಮ್ಮೆ, ಬೆಂಕಿಯಿಂದ ಒಮ್ಮೆ, ನೀರಿನಿಂದ ಒಮ್ಮೆ. ಮೊದಲ ಸಲ ರಾಮ್ ಮತ್ತು ರೂದ್, ಎರಡನೇ ಸಲ ಶುರ್ಬೈ ಮತ್ತು ಶರ್ಹಬೈಲ್ ಎಂಬ ದಂಪತಿ ಉಳಿದು ಸಂತತಿ ಮುಂದುವರಿಸಿದರು. ಮೂರನೆಯದರಲ್ಲಿ ನೂ, ಅಂದರೆ ನೋಹ, ಮತ್ತು ಅವನ ಮನೆಯವರು. (ಈ ‘ರಾಮ್’ ಹೆಸರು ಹಿಡಿದು ಅಯೋಧ್ಯೆಗೆ ದಾರಿ ಹುಡುಕುವ ಬರಹಗಳಿಗೆ ಆಧಾರವಿಲ್ಲ.)

ಗ್ರಹಗಳು ಕತ್ತಲೆಯ ಮಕ್ಕಳು ಎನ್ನುತ್ತಾರೆ, ಮತ್ತೆ ಜಾತಕ ನೋಡಿ ಹೆಸರಿಡುತ್ತಾರೆ. ಇದು ಹೇಗೆ?

ಎರಡೂ ನಿಜ, ವಿರೋಧವೂ ನಿಜ. ಶಾಮಿಶ್, ಸಿನ್, ಕೀವಾನ್, ಬಿಲ್, ನಿರಿಗ್, ಲಿಬತ್, ನ್ಬು ಎಂಬ ಏಳು ಗ್ರಹಗಳ ಹೆಸರುಗಳಲ್ಲಿ ಹಳೆಯ ಬಾಬಿಲೋನಿನ ದೇವತೆಗಳು ಕಾಣುತ್ತಾರೆ. ಗ್ರಂಥ ಇವರ ಆರಾಧನೆಯನ್ನು ಕಟುವಾಗಿ ನಿಷೇಧಿಸುತ್ತದೆ. ಆದರೆ ಈ ಲೋಕದಲ್ಲಿ ದೇಹದ ಮೇಲೆ ಅವರ ಹಿಡಿತ ಇದೆ ಎಂಬುದನ್ನು ಒಪ್ಪುತ್ತದೆ. ಅದಕ್ಕೇ ಮಗು ಹುಟ್ಟಿದಾಗ ಪುರೋಹಿತ ‘ಅಸ್ಫರ್ ಮಲ್ವಾಶಾ’ ಎಂಬ ರಾಶಿಗ್ರಂಥ ತೆರೆದು, ಹುಟ್ಟಿದ ಗಳಿಗೆಗೂ ತಾಯಿಯ ಹೆಸರಿಗೂ ಕೊಟ್ಟಿರುವ ಅಂಕಿಗಳಿಂದ ಲೆಕ್ಕಹಾಕಿ ‘ಮಲ್ವಾಶಾ’ ಎಂಬ ಧಾರ್ಮಿಕ ಹೆಸರು ತೆಗೆಯುತ್ತಾನೆ. ಆ ಹೆಸರು ಹೇಳುವಾಗ ‘ಇಂಥ ತಾಯಿಯ ಮಗ’, ‘ಇಂಥ ತಾಯಿಯ ಮಗಳು’ ಎನ್ನಬೇಕು. ತಂದೆಯ ಹೆಸರು ಬರುವುದಿಲ್ಲ. ಸ್ನಾನ, ಮದುವೆ, ಮರಣ ಎಲ್ಲ ವಿಧಿಯಲ್ಲೂ ಬಳಕೆಯಾಗುವುದು ಇದೇ. ಪಾಸ್‌ಪೋರ್ಟಿನಲ್ಲಿರುವ ಹೆಸರಿಗೆ ನೀರಿನಲ್ಲಿ ಬೆಲೆಯಿಲ್ಲ.

ಸ್ನಾನಿಕ ಯೋಹಾನ ಈ ಧರ್ಮದ ಸ್ಥಾಪಕನೇ?

ಅಲ್ಲ. ಬೈಬಲಿನ ಪ್ರಕಾರ ಜೋರ್ಡಾನ್ ಹೊಳೆಯಲ್ಲಿ ಯೇಸುವಿಗೆ ಸ್ನಾನ ಮಾಡಿಸಿದವನು ಯೋಹಾನ. ಯಹಿಯಾ ಯುಹಾನಾ ಎಂದು ಕರೆಯುವ ಅವನನ್ನು ಕೊನೆಯ ದೊಡ್ಡ ಗುರು ಎಂದು ಗೌರವಿಸುತ್ತಾರೆ. ಆದಾಮ, ಅವನ ಮಗ ಶಿತಿಲ್, ಅನುಶ್, ನೂ, ನೂನ ಮಗ ಸಾಮ್, ಇವರ ಸಾಲಿನಲ್ಲಿ ಅವನು ಕೊನೆಯವನು. ಅಬ್ರಹಾಮ, ಮೋಶೆ, ಮುಹಮ್ಮದ್ ಇವರನ್ನು ಒಪ್ಪುವುದಿಲ್ಲ. ಯೇಸುವಿನ ಬಗ್ಗೆ ಗ್ರಂಥಗಳ ಮಾತು ಕಠಿಣವಾಗಿದೆ: ಯಹಿಯಾನಿಂದ ಸ್ನಾನ ಪಡೆದು ಆ ಉಪದೇಶವನ್ನು ತಿರುಚಿದವನು ಎಂದು. 17ನೇ ಶತಮಾನದಲ್ಲಿ ಬಸ್ರಾಕ್ಕೆ ಬಂದ ಕಾರ್ಮೆಲೈಟ್ ಪಾದ್ರಿಗಳು ನದಿಸ್ನಾನವನ್ನೂ ಯೋಹಾನನ ಹೆಸರನ್ನೂ ಕಂಡು ಇವರನ್ನು ‘ಸಂತ ಯೋಹಾನನ ಕ್ರೈಸ್ತರು’ ಎಂದುಬಿಟ್ಟರು. ಆ ತಪ್ಪು ಹೆಸರು ಯುರೋಪಿನಲ್ಲಿ ಬಹುಕಾಲ ಓಡಾಡಿತು.

ಹಾಗಾದರೆ ಮೂಲ ಎಲ್ಲಿ? ಜೋರ್ಡಾನ್ ದಂಡೆಯೋ, ಮೆಸೊಪೊಟೇಮಿಯಾವೋ?

ವಿದ್ವಾಂಸರ ಜಗಳ ನೂರು ವರ್ಷ ದಾಟಿದೆ. ಸಮುದಾಯದ ಸ್ವಂತ ನೆನಪು ‘ಹರಾನ್ ಗವೈತಾ’ ಎಂಬ ಸುರುಳಿಯಲ್ಲಿದೆ: ಜೆರುಸಲೇಮಿನಲ್ಲಿ ಹಿಂಸೆಗೊಳಗಾದ 60,000 ನಾಸೋರಾಯಿಗಳು (ಮಂದಾಯಿಗಳ ಹಳೆಯ ಹೆಸರು) ಅರ್ದಬಾನ್ ಎಂಬ ರಾಜನ ಕಾಲದಲ್ಲಿ ಪೂರ್ವದ ಬೆಟ್ಟಸೀಮೆಗೆ ಬಂದರು ಎಂದು. ಅರ್ದಬಾನ್ ಎಂಬುದು ಪ್ರಾಚೀನ ಇರಾನನ್ನು ಆಳಿದ ಪಾರ್ಥಿಯನ್ ದೊರೆಗಳ ಹೆಸರು. ಯಾವ ಅರ್ದಬಾನ್ ಎಂದು ಸುರುಳಿ ಹೇಳುವುದಿಲ್ಲ. ಸಂಖ್ಯೆಯನ್ನು ಅಕ್ಷರಶಃ ಹಿಡಿಯಬೇಕಿಲ್ಲ.

ಪಶ್ಚಿಮ ಮೂಲದ ಪರ ನಿಲ್ಲುವ ಸಾಕ್ಷ್ಯ ಮುಖ್ಯವಾಗಿ ಭಾಷೆಯದು. ಹರಿಯುವ ಯಾವುದೇ ನೀರಿಗೆ ಇವರು ‘ಯರ್ದ್ನಾ’ ಎನ್ನುತ್ತಾರೆ, ಅಂದರೆ ಜೋರ್ಡಾನ್. ಟೈಗ್ರಿಸ್ ಪಕ್ಕದಲ್ಲೇ ಹುಟ್ಟಿದ ಧರ್ಮ ದೂರದ ಹೊಳೆಯ ಹೆಸರನ್ನು ಯಾಕೆ ಎರವಲು ತರಬೇಕು ಎಂಬುದು ನ್ಯಾಯವಾದ ಪ್ರಶ್ನೆ. ಲಿಡ್ಜ್‌ಬಾರ್ಸ್ಕಿ, ಡ್ರೋವರ್, ಮಾತ್ಸುಖ್, ರುಡೋಲ್ಫ್ ಈ ಕಡೆಯವರು. ಎದುರು ಪಕ್ಷದ ಆಧಾರಗಳೂ ಹಗುರವಲ್ಲ. ಲಿಪಿ ಈಗಿನ ಖುಜಿಸ್ತಾನದಲ್ಲಿದ್ದ ಎಲಿಮಾಯಿಸ್ ರಾಜ್ಯದ 2ನೇ ಶತಮಾನದ ಲಿಪಿಗೆ ಹತ್ತಿರ, ಗ್ರಹಗಳ ಹೆಸರು ಬಾಬಿಲೋನಿನದು, ಎಷ್ಟೋ ಧಾರ್ಮಿಕ ಪದಗಳು ಇರಾನಿನವು. ಇತಿಹಾಸಕಾರ ವಾನ್ ಬ್ಲಾಡೆಲ್ 2017ರಲ್ಲಿ, ಇದು ಇಸ್ಲಾಂಗೆ ಮುಂಚಿನ ಸಸಾನಿಯನ್ ದೊರೆಗಳ ಕಾಲದ ಮೆಸೊಪೊಟೇಮಿಯಾದಲ್ಲಿ 5ನೇ ಶತಮಾನದ ಹೊತ್ತಿಗೆ ರೂಪುಗೊಂಡದ್ದು ಎಂದು ವಾದಿಸಿದರು.

ಅಷ್ಟು ತಡ ಎನ್ನುವುದನ್ನು ಒಪ್ಪಲು ನಮಗೆ ಕಷ್ಟ. ಮೆಸೊಪೊಟೇಮಿಯಾದ ಪ್ರವಾದಿ ಮಾನಿಯ ಧರ್ಮದವರು ಈಜಿಪ್ಟಿನ ಕಾಪ್ಟಿಕ್ ಭಾಷೆಯಲ್ಲಿ ಉಳಿಸಿಕೊಂಡಿರುವ ಥಾಮಸನ ಕೀರ್ತನೆಗಳಿಗೂ ಮಂದಾಯಿ ಸ್ತೋತ್ರಗಳಿಗೂ ಸಾಲುಸಾಲಾಗಿ ಹೋಲಿಕೆಯಿದೆ ಎಂದು 1949ರಲ್ಲೇ ತೋರಿಸಲಾಗಿದೆ. ಮಾನಿ ಹುಟ್ಟಿದ್ದು 216ರಲ್ಲಿ. ಜೊತೆಗೆ ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರ ಪರಂಪರೆ ಇರುತ್ತದೆ: ಯಾರ ಪ್ರತಿ ನೋಡಿ ಯಾರು ಬರೆದರು ಎಂದು ಹಿಂದಕ್ಕೆ ಹೋಗುವ ಪಟ್ಟಿ. ತಲೆಮಾರು ಎಣಿಸಿದರೆ ಜಾಜೈ ದ್ ಗವಜ್ತಾ ಎಂಬ ಲಿಪಿಕಾರ 3ನೇ ಶತಮಾನದ ಕೊನೆಭಾಗಕ್ಕೂ, ಕಿದ್ರಾಳ ಮಗಳು ಶ್ಲಾಮಾ ಸುಮಾರು ಕ್ರಿ.ಶ. 200ಕ್ಕೂ ಬೀಳುತ್ತಾರೆ. ಹೆಸರು ಸಿಕ್ಕಿರುವ ಅತ್ಯಂತ ಹಳೆಯ ಮಂದಾಯಿ ಲಿಪಿಕಾರರು ಒಬ್ಬ ಹೆಂಗಸು. ಸ್ತೋತ್ರ ಮತ್ತು ಸ್ನಾನವಿಧಿಯ ತಿರುಳು 3ನೇ ಶತಮಾನಕ್ಕೆ ಮುಂಚಿನದು, ಗ್ರಂಥಗಳು ಈಗಿನ ರೂಪಕ್ಕೆ ಬಂದದ್ದು ಅನಂತರ, ಇಸ್ಲಾಂ ಬಂದ ಮೇಲೂ ಸೇರ್ಪಡೆಗಳಾದವು ಎಂಬುದು ಸದ್ಯಕ್ಕೆ ಹೆಚ್ಚು ಒಪ್ಪುವ ಚಿತ್ರ.

ಖುರಾನಿನಲ್ಲಿ ಬರುವ ಸಾಬಿಯನ್ನರು ಇವರೇ?

ಖುರಾನಿನಲ್ಲಿ ಆ ಹೆಸರು ಮೂರು ಕಡೆ ಬರುತ್ತದೆ (2:62, 5:69, 22:17), ಯಾರೆಂಬ ವಿವರಣೆಯಿಲ್ಲ. ಹರ‍್ರಾನ್ (ಈಗಿನ ಟರ್ಕಿಯಲ್ಲಿದೆ) ಪಟ್ಟಣದ ನಕ್ಷತ್ರಪೂಜಕರೂ ಅದೇ ಹೆಸರನ್ನು ಹೇಳಿಕೊಂಡಿದ್ದರು. ‘ಮಂದಾಯಿಗಳು ನಕ್ಷತ್ರ ಪೂಜಿಸುತ್ತಾರೆ’ ಎಂಬ ಅಪವಾದ ಹುಟ್ಟಿದ್ದರಲ್ಲಿ ಈ ಗೊಂದಲಕ್ಕೂ ಪಾಲಿದೆ. ಅರಬ್ಬರು ಇರಾಕನ್ನು ಗೆದ್ದಾಗ ಅನುಶ್ ಬರ್ ದಂಕಾ ಎಂಬ ನಾಯಕ ಗ್ರಂಥ ಹಿಡಿದು ಅಧಿಕಾರಿಗಳ ಬಳಿ ಹೋಗಿ ರಕ್ಷಣೆ ಪಡೆದ ಎಂದು ಸಮುದಾಯದ ಪರಂಪರೆ ಹೇಳುತ್ತದೆ. ಮುಸ್ಲಿಂ ಆಳ್ವಿಕೆಯಲ್ಲಿ ರಕ್ಷಣೆ ತರುವ ‘ಗ್ರಂಥವುಳ್ಳ ಜನ’ ಎಂಬ ಮಾನ್ಯತೆ ಇವರ ಪಾಲಿಗೆ ಜೀವನ್ಮರಣದ ಪ್ರಶ್ನೆಯೇ ಆಗಿತ್ತು.

ಮಸ್ಬುತಾ, ಅಂದರೆ ಸ್ನಾನವಿಧಿ, ಹೇಗೆ ನಡೆಯುತ್ತದೆ?

ಕ್ರೈಸ್ತರ ದೀಕ್ಷಾಸ್ನಾನದಂತೆ ಇದು ಬದುಕಿನಲ್ಲಿ ಒಮ್ಮೆ ಮಾತ್ರ ಆಗುವುದಲ್ಲ. ಭಾನುವಾರಗಳಂದು, ಹಬ್ಬಗಳಲ್ಲಿ, ಮದುವೆಗೆ, ಹೆರಿಗೆಯ ನಂತರ, ದೊಡ್ಡ ಮೈಲಿಗೆಯಾದಾಗ, ಎಷ್ಟು ಸಲವಾದರೂ ಪಡೆಯಬಹುದು, ಪಡೆದಷ್ಟೂ ಒಳ್ಳೆಯದು.

ಮೊದಲ ಷರತ್ತು ಹರಿಯುವ ನೀರು. ಹರಿವಿರುವ ನೀರು ‘ಜೀವಜಲ’. ನಿಂತ ನೀರು ಮೂಲದಿಂದ ಕಡಿದುಹೋದದ್ದು, ಸತ್ತದ್ದು. ಬೆಳಕಿನ ಲೋಕದಿಂದಲೇ ಯರ್ದ್ನಾ ಹರಿದು ಬರುತ್ತದೆ ಎಂಬ ಭಾವನೆ ಇದರ ಹಿಂದಿದೆ. ಆದ್ದರಿಂದ ಇಲ್ಲಿನ ನೀರು ಕೊಳೆ ತೊಳೆಯುವುದಷ್ಟೇ ಅಲ್ಲ, ಆ ಲೋಕಕ್ಕೆ ಹಾದಿಯೂ ಹೌದು. ಪೂಜಾಗೃಹವಾದ ‘ಮಂದಿ’ ಹಳೆಯ ಪದ್ಧತಿಯಲ್ಲಿ ಜೊಂಡು ಹೆಣೆದು ಮಣ್ಣು ಮೆತ್ತಿದ ಪುಟ್ಟ ಗುಡಿಸಲು. ಬಾಗಿಲು ದಕ್ಷಿಣಕ್ಕೆ ಇರುವುದರಿಂದ ಒಳಹೋಗುವವರ ಮುಖ ಧ್ರುವತಾರೆಯ ಕಡೆಗಿರುತ್ತದೆ. ಬೆಳಕಿನ ಲೋಕದ ದಿಕ್ಕು ಉತ್ತರ. ಮುಂದಿನ ಕೊಳಕ್ಕೆ ನದಿಯಿಂದ ಒಂದು ಕಾಲುವೆ ಒಳಬರುತ್ತದೆ, ಇನ್ನೊಂದು ಹೊರಹೋಗುತ್ತದೆ.

ಎರಡನೆಯದು ಬಟ್ಟೆ. ‘ರಸ್ತಾ’ ಎಂಬ ಬಿಳಿಯ ಹತ್ತಿ ಉಡುಪು ಎಲ್ಲರಿಗೂ ಕಡ್ಡಾಯ: ಅಂಗಿ, ಅದರ ಎದೆಯ ಬಲಭಾಗಕ್ಕೆ ಹೊಲಿದ ಚಿಕ್ಕ ತುಂಡು, ಷರಾಯಿ, ತಲೆಗೆ ‘ಬುರ್ಜಿಂಕಾ’ ಎಂಬ ರುಮಾಲು, ಕೊರಳಿಂದ ಇಳಿಬಿಡುವ ‘ನಸೀಫಾ’ ಎಂಬ ಉದ್ದ ಪಟ್ಟಿ, ಸೊಂಟಕ್ಕೆ ‘ಹಿಮ್ಯಾನಾ’. ಈ ಸೊಂಟದ ದಾರ 60 ಉಣ್ಣೆಯ ಎಳೆಗಳಿಂದ ನೇಯ್ದದ್ದು. (ಪಾರ್ಸಿಗಳು ಸೊಂಟಕ್ಕೆ ಕಟ್ಟುವ ‘ಕುಸ್ತಿ’ ದಾರ ನೆನಪಾದರೆ ಅಚ್ಚರಿಯಿಲ್ಲ, ಎರಡೂ ಇರಾನಿನ ಮಗ್ಗುಲಲ್ಲೇ ಬೆಳೆದವು.) ಪುರೋಹಿತನಿಗೆ ಇದರ ಮೇಲೆ ‘ತಾಗಾ’ ಎಂಬ ಕಿರೀಟಪಟ್ಟಿ, ಬಲಗೈ ಕಿರುಬೆರಳಿಗೆ ಚಿನ್ನದುಂಗುರ, ‘ಮರ್ಗ್ನಾ’ ಎಂಬ ಆಲಿವ್ ಮರದ ಕೋಲು ಇರಬೇಕು. ರುಮಾಲಿನ ಇಳಿಬಿದ್ದ ತುದಿಯಿಂದ ಬಾಯಿ ಮುಚ್ಚಿಕೊಳ್ಳುವುದೂ ಅವನಿಗೆ ವಿಧಿಸಿದ್ದು. ಇರಾಕಿನಲ್ಲಿ ಹೆಂಗಸರು ರಸ್ತಾ ಮೇಲೆ ಕಪ್ಪು ಮೇಲುಹೊದಿಕೆ ಹಾಕಿಕೊಂಡು ನೀರಿಗಿಳಿಯುವುದು ವಾಡಿಕೆ, ಬಿಳಿ ಬಟ್ಟೆ ಒದ್ದೆಯಾದಾಗ ಮೈ ಕಾಣದಿರಲೆಂದು.

ದಂಡೆಯಲ್ಲಿ ‘ದ್ರಬ್ಶಾ’ ನೆಡುತ್ತಾರೆ: ಅಡ್ಡಕೋಲು ಕಟ್ಟಿದ ಮರದ ಕಂಬ, ಅದರ ಮೇಲೆ ಬಿಳಿ ರೇಷ್ಮೆ ಬಟ್ಟೆ, ಮೇಲೆ ಮರ್ಟಲ್ ಎಂಬ ಸುವಾಸನೆಯ ಗಿಡದ ಎಲೆಗಳು. ದೂರದಿಂದ ಶಿಲುಬೆಯಂತೆ ಕಂಡರೂ ಅದು ಬೆಳಕಿನ ಧ್ವಜ, ಶಿಲುಬೆಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಕ್ರಮ. ಪುರೋಹಿತ ತನ್ನ ಪ್ರಾರ್ಥನೆಗಳನ್ನು ಮುಗಿಸಿ ಕೋಲು ಹಿಡಿದು ಮೊದಲು ನೀರಿಗಿಳಿಯುತ್ತಾನೆ. ಸ್ನಾನ ಪಡೆಯುವವರು ಒಬ್ಬೊಬ್ಬರಾಗಿ ಬರುತ್ತಾರೆ. ಬಂದವನು ತಾನೇ ಮೂರು ಸಲ ಮುಳುಗಬೇಕು. ಆಮೇಲೆ ಪುರೋಹಿತ ತನ್ನ ಕೈಯಿಂದ ಮೂರು ಸಲ ನೀರೆರೆಯುತ್ತಾನೆ. ಒದ್ದೆ ಬೆರಳಿನಿಂದ ಹಣೆಯ ಮೇಲೆ ಬಲಗಿವಿಯಿಂದ ಎಡಗಿವಿಯ ಕಡೆಗೆ ಮೂರು ಸಲ ಗೆರೆ ಎಳೆದು, ಮಲ್ವಾಶಾ ಹೆಸರು ಹಿಡಿದು, ಮಹಾಜೀವದ ಹೆಸರೂ ಮಂದಾ ದ್ ಹಯ್ಯಿಯ ಹೆಸರೂ ನಿನ್ನ ಮೇಲೆ ಉಚ್ಚರಿಸಲ್ಪಟ್ಟಿವೆ ಎನ್ನುತ್ತಾನೆ. ಅಂಗೈಯಿಂದ ಮೂರು ಗುಟುಕು ನದಿಯ ನೀರು ಕುಡಿಸುತ್ತಾನೆ. ‘ಕ್ಲೀಲಾ’ ಎಂಬ ಮರ್ಟಲ್ ಕಡ್ಡಿಯ ಪುಟ್ಟ ಬಳೆಯನ್ನು ರುಮಾಲಿನಡಿ ಸಿಕ್ಕಿಸಿ, ತಲೆಯ ಮೇಲೆ ಕೈಯಿಟ್ಟು ಉಥ್ರಾಗಳ ಹೆಸರುಗಳನ್ನು ಹೇಳುತ್ತಾನೆ. ಕಡೆಗೆ ಇಬ್ಬರೂ ಬಲಗೈ ಹಿಡಿದುಕೊಳ್ಳುತ್ತಾರೆ. ಆ ಹಸ್ತಬಂಧಕ್ಕೆ ‘ಕುಶ್ತಾ’ ಎಂದು ಹೆಸರು. ಸತ್ಯದ ಒಪ್ಪಂದ ಎಂದು ಭಾವ.

ಅರ್ಧ ಕೆಲಸ ಮುಗಿಯಿತಷ್ಟೇ. ದಂಡೆಗೆ ಬಂದು ಒದ್ದೆ ಬಟ್ಟೆಯಲ್ಲೇ ಸಾಲಾಗಿ ಕೂರಬೇಕು. ಎಳ್ಳು ಅರೆದು ತೆಗೆದ ಎಣ್ಣೆಯನ್ನು ಹಣೆಗೆ ಹಚ್ಚುತ್ತಾರೆ. ಹಿಟ್ಟು, ಉಪ್ಪು, ನೀರು ಮಾತ್ರ ಹಾಕಿ ಹುಳಿ ಬರಿಸದೆ ಅಲ್ಲೇ ಸುಟ್ಟ ‘ಪಿಹ್ತಾ’ ಎಂಬ ರೊಟ್ಟಿಯ ತುಣುಕನ್ನೂ ‘ಮಂಬೂಹಾ’ ಎಂಬ ಪವಿತ್ರ ನೀರನ್ನೂ ಕೊಡುತ್ತಾರೆ. ಮತ್ತೊಮ್ಮೆ ಕುಶ್ತಾ, ಮುಕ್ತಾಯದ ಪ್ರಾರ್ಥನೆಗಳು, ನೀರಿನತ್ತ ಬಲಗೈ ಚಾಚಿ ಸಾಕ್ಷ್ಯ ನುಡಿಯುವುದು. ಎಣ್ಣೆ, ರೊಟ್ಟಿ, ನೀರು ಆಗದೆ ಎದ್ದು ಹೋದರೆ ಮಸ್ಬುತಾ ಆದಂತಲ್ಲ, ಬರೀ ಮೈ ಒದ್ದೆಯಾದಂತೆ.

ಇದರಲ್ಲಿ ಎಡವಟ್ಟಾಗುವುದು ಎಲ್ಲಿ? ಆದರೆ ಏನು ಮಾಡುತ್ತಾರೆ?

ಪುರೋಹಿತ ಮಂತ್ರ ತಪ್ಪಿದರೆ, ಕ್ರಮ ಹಿಂದುಮುಂದಾದರೆ, ವಿಧಿಯ ನಡುವೆ ಮಡಿಯಿಲ್ಲದವರು ಅವನನ್ನು ಮುಟ್ಟಿದರೆ ಅವನಿಗೇ ಮೈಲಿಗೆ. ಅವನು ಇನ್ನೊಬ್ಬ ಪುರೋಹಿತನ ಕೈಯಿಂದ ಸ್ನಾನ ಪಡೆಯುವವರೆಗೆ ಯಾರಿಗೂ ಮಾಡಿಸುವಂತಿಲ್ಲ. ಊರಿಗೊಬ್ಬನೇ ಪುರೋಹಿತನಿದ್ದರೆ ಕೆಲಸವೆಲ್ಲ ಅಲ್ಲಿಗೇ ನಿಲ್ಲುತ್ತದೆ. ಸಣ್ಣ ಸಮುದಾಯಗಳಲ್ಲಿ ಆಗಾಗ ಎದುರಾಗುವ ತೊಡಕು ಇದು. ಪುರೋಹಿತರಿಗೆ ಮಾತ್ರ ಮೀಸಲಾದ ‘ಸಾವಿರದ ಹನ್ನೆರಡು ಪ್ರಶ್ನೆಗಳು’ ಎಂಬ ಗ್ರಂಥದ ದೊಡ್ಡ ಪಾಲು ಇಂಥ ತಪ್ಪುಗಳಿಗೂ ಅವುಗಳ ಪರಿಹಾರಕ್ಕೂ ಮೀಸಲು. ಹೊರಗಿನವರಿಗೆ ಒಣ ಓದು ಅನ್ನಿಸಬಹುದು. ಆದರೆ ಈ ಧರ್ಮ ಏನನ್ನು ಹೆದರುತ್ತದೆ ಎಂಬುದು ಸೃಷ್ಟಿಕಥೆಗಿಂತ ಅಲ್ಲೇ ಚೆನ್ನಾಗಿ ತಿಳಿಯುತ್ತದೆ.

ನೀರಿನದು ಇನ್ನೊಂದು ತೊಡಕು. ಚರಂಡಿ ಸೇರುವ ಟೈಗ್ರಿಸ್‌ನಲ್ಲಿ ಮುಳುಗಿ ಅದನ್ನೇ ಮೂರು ಗುಟುಕು ಕುಡಿಯಬೇಕು. ಚಳಿದೇಶಗಳಿಗೆ ವಲಸೆ ಹೋದವರಿಗೆ ಹೊಳೆ ಹೆಪ್ಪುಗಟ್ಟುವ ತಿಂಗಳುಗಳಿವೆ. ಒಂದು ಕಡೆಯಿಂದ ನೀರು ಒಳಬಂದು ಇನ್ನೊಂದು ಕಡೆ ಹರಿದುಹೋಗುವ ಒಳಾಂಗಣ ಕೊಳಗಳು ಇದಕ್ಕೆ ಕಂಡುಕೊಂಡ ಉಪಾಯ. ಕೊಳಾಯಿ ನೀರು ಯರ್ದ್ನಾ ಆಗುತ್ತದೆಯೇ ಎಂಬ ಬಗ್ಗೆ ಪುರೋಹಿತರಲ್ಲಿ ಒಮ್ಮತವಿಲ್ಲ.

ಪುರೋಹಿತರಿಲ್ಲದೆ ಮಾಡುವ ಶುದ್ಧಿ ಇಲ್ಲವೇ?

ಎರಡಿವೆ. ‘ರಿಶಾಮಾ’ ದಿನವೂ ಬೆಳಿಗ್ಗೆ ತಲೆಗೆ ಬಟ್ಟೆ ಹಾಕಿ, ಕೈ, ಮುಖ, ಹಣೆ, ಕಿವಿ, ಮೂಗು, ಬಾಯಿ, ಮೊಣಕಾಲು, ಪಾದಗಳನ್ನು ಸೂಕ್ತ ಮಂತ್ರದೊಂದಿಗೆ ತೊಳೆಯುವುದು. ‘ತಮಾಶಾ’ ಎಂದರೆ ಹೊಳೆಯಲ್ಲಿ ತಾನೇ ಮೂರು ಮುಳುಗು ಹಾಕುವುದು. ಮುಟ್ಟು, ಹೆರಿಗೆ, ದಾಂಪತ್ಯದ ಕೂಟ, ಶವ ಮುಟ್ಟಿದ ಮೈಲಿಗೆಗಳಿಗೆ ಇದು. ಪ್ರಾರ್ಥನೆ ದಿನಕ್ಕೆ ಮೂರು ಹೊತ್ತು, ಉತ್ತರಾಭಿಮುಖವಾಗಿ.

ಮುಖ್ಯ ಗ್ರಂಥ ಯಾವುದು?

‘ಗಿಂಜಾ ರಬ್ಬಾ’, ಮಹಾನಿಧಿ. ಎರಡು ಭಾಗ. ಬಲ ಗಿಂಜಾದ 18 ಅಧ್ಯಾಯಗಳಲ್ಲಿ ಸೃಷ್ಟಿ, ನೀತಿ, ಪ್ರವಾದಿಗಳು, ವಿವಾದಗಳಿವೆ. ಎಡ ಗಿಂಜಾದ ಮೂರು ಭಾಗಗಳು ಸತ್ತ ಆತ್ಮದ ಪಯಣಕ್ಕೆ ಮೀಸಲು. ಒಂದರ ಮುಂದೆ ಇನ್ನೊಂದನ್ನು ತಲೆಕೆಳಗಾಗಿ ಕಟ್ಟಿರುತ್ತಾರೆ: ಬಲಭಾಗ ಮುಗಿದ ಮೇಲೆ ಪುಸ್ತಕವನ್ನು ತಿರುಗಿಸಿ ಹಿಡಿದು ಎಡಭಾಗ ಓದಬೇಕು. ವಿಧಿಗಳ ಮಂತ್ರಗಳೆಲ್ಲ ‘ಕೊಲಸ್ತಾ’ದಲ್ಲಿವೆ, ಯಹಿಯಾನ ಉಪದೇಶಗಳು ‘ದ್ರಾಶಾ ದ್ ಯಹಿಯಾ’ದಲ್ಲಿವೆ. ಗಿಂಜಾದ ಪ್ರಮಾಣವೆನಿಸಿದ ಜರ್ಮನ್ ಅನುವಾದ 1925ರದು. ಅನುವಾದದಲ್ಲಿ ಓದುವವರು ಎಡ ಗಿಂಜಾದ ಪದ್ಯಗಳಿಂದ ಶುರುಮಾಡುವುದು ಒಳ್ಳೆಯದು. ಬಲಭಾಗದ ಮೊದಲ ಪುಟಗಳ ನಾಮಾವಳಿಯಲ್ಲೇ ಬಹಳ ಜನ ಸುಸ್ತಾಗಿ ಪುಸ್ತಕ ಮುಚ್ಚುತ್ತಾರೆ.

ಸಾವಿನ ನಂತರ ಏನಾಗುತ್ತದೆ?

ಪ್ರಾಣ ಹೋಗುವ ಮೊದಲೇ ಆ ವ್ಯಕ್ತಿಗೆ ಹೊಳೆಯ ನೀರೆರೆದು ಹೊಸ ರಸ್ತಾ ತೊಡಿಸಬೇಕು. ಇದು ಕಟ್ಟುನಿಟ್ಟು. ಆಸ್ಪತ್ರೆಯಲ್ಲೋ ಅಪಘಾತದಲ್ಲೋ ರಸ್ತಾ ಇಲ್ಲದೆ ತೀರಿಕೊಂಡರೆ ಆತ್ಮದ ಹಾದಿಗೆ ತಡೆ. ಆಗ ಬೇರೊಬ್ಬರು ಸತ್ತವರ ಪರವಾಗಿ ಬಟ್ಟೆ ತೊಟ್ಟು ನಡೆಸುವ ‘ಅಹಾಬಾ ದ್ ಮಾನಿ’ ಎಂಬ ವಿಧಿ ಮಾಡಿಸಬೇಕಾಗುತ್ತದೆ.

ಸಿಂಹ, ಚೇಳು, ಕಣಜ, ಹಾವು ಕೊರೆದ ‘ಸ್ಕಂದೋಲಾ’ ಎಂಬ ಕಬ್ಬಿಣದ ಮುದ್ರೆಯನ್ನು ಗೋರಿಯ ಮಣ್ಣಿಗೆ ಒತ್ತುತ್ತಾರೆ. ಮೂರನೇ ದಿನ ಆತ್ಮ ದೇಹ ಬಿಟ್ಟು ಹೊರಡುತ್ತದೆ. ಪಯಣ 45 ದಿನ. ನಡುವೆ ‘ಮಟರ್ತಾ’ ಎಂಬ ಕಾವಲುಠಾಣೆಗಳು, ಒಂದೊಂದನ್ನೂ ಒಂದೊಂದು ದುಷ್ಟಶಕ್ತಿ ಆಳುತ್ತದೆ. ಸ್ನಾನದಲ್ಲಿ ಪಡೆದ ಗುರುತೂ ಹೆಸರೂ ಇಲ್ಲಿ ರಹದಾರಿ. ಕೊನೆಗೆ ಅಬಾತುರ್‌ನ ತಕ್ಕಡಿ: ಆತ್ಮವನ್ನು ಶಿತಿಲ್‌ನ ಶುದ್ಧ ಆತ್ಮದ ಎದುರು ತೂಗಲಾಗುತ್ತದೆ. ಸಮನಾದರೆ ಬೆಳಕಿನ ಲೋಕ; ಇಲ್ಲದಿದ್ದರೆ ಠಾಣೆಗಳಲ್ಲಿ ಶಿಕ್ಷೆ. ಈ ಪಯಣಕ್ಕೆ ಬಲ ತುಂಬಲು ಪುರೋಹಿತರು ‘ಮಸಿಕ್ತಾ’ ನಡೆಸುತ್ತಾರೆ. ಪುಟ್ಟ ರೊಟ್ಟಿಗಳು, ಬಿಳಿ ಪಾರಿವಾಳದ ಬಲಿ, ಗಂಟೆಗಟ್ಟಲೆ ಮಂತ್ರಗಳಿರುವ ಇದು ಇವರ ವಿಧಿಗಳಲ್ಲೆಲ್ಲ ಅತ್ಯಂತ ಕ್ಲಿಷ್ಟ. ಬಂಧುಗಳು ಮಾಡುವುದು ‘ಲೋಫಾನಿ’ ಎಂಬ ನೆನಪಿನ ಊಟ.

ಗೋಳಾಡುವುದು ನಿಷಿದ್ಧ. ಸುರಿಸಿದ ಕಣ್ಣೀರು ಆತ್ಮದ ಹಾದಿಯಲ್ಲಿ ದಾಟಲಾಗದ ಹೊಳೆಯಾಗುತ್ತದೆ ಎನ್ನುತ್ತಾರೆ.

ಪುರೋಹಿತರು ಯಾರಾಗಬಹುದು?

ಮೂರು ದರ್ಜೆ: ತರ್ಮೀದಾ, ಗಂಜಿಬ್ರಾ, ಎಲ್ಲರ ಮೇಲೆ ರೀಶ್ ಅಮ್ಮಾ. ವಿಧಿಗಳಲ್ಲಿ ಕೈಜೋಡಿಸುವ ಸಹಾಯಕ ಶ್ಗಂದಾ. ಅಭ್ಯರ್ಥಿಗೆ ಅಂಗಊನವಿರಬಾರದು, ಪ್ರಾರ್ಥನೆಗಳೆಲ್ಲ ಬಾಯಿಪಾಠವಾಗಿರಬೇಕು. ದೀಕ್ಷೆಯಲ್ಲಿ ಜೊಂಡಿನ ಗುಡಿಸಲಿನೊಳಗೆ ಏಳು ಹಗಲು ಏಳು ರಾತ್ರಿ ನಿದ್ದೆಗೆಟ್ಟು ಕಲಿಯಬೇಕು; ಆಮೇಲೆ 60 ದಿನ ಬಿಗಿ ಮಡಿ. ಅಷ್ಟರಲ್ಲಿ ಮೈಲಿಗೆಯಾದರೆ ಆ ದಿನ ಲೆಕ್ಕಕ್ಕಿಲ್ಲ.

1831ರ ಕಾಲರಾದಲ್ಲಿ ಪುರೋಹಿತರೆಲ್ಲರೂ ಸತ್ತುಹೋದರು. ದೀಕ್ಷೆ ಕೊಡಬೇಕಾದವರೇ ಇಲ್ಲ. ಪುರೋಹಿತ ಕುಟುಂಬಗಳ ಯಹಿಯಾ ಬಿಹ್ರಾಮ್ ಮತ್ತು ರಾಮ್ ಜಿಹ್ರುನ್ ಎಂಬ ಅಕ್ಷರಸ್ಥ ಯುವಕರು ಗ್ರಂಥಗಳನ್ನು ಮುಂದಿಟ್ಟುಕೊಂಡು ಪರಂಪರೆಯನ್ನು ಮತ್ತೆ ಶುರುಮಾಡಿದರು. ಶುದ್ಧ ಶಾಸ್ತ್ರದ ದೃಷ್ಟಿಯಿಂದ ಸರಪಳಿ ಕಡಿದಿತ್ತು. ಜನ ಒಪ್ಪಿಕೊಂಡರು, ಬದುಕಿಕೊಂಡಿತು.

ಪಂಚಾಂಗ, ಹಬ್ಬಗಳು?

30 ದಿನಗಳ 12 ತಿಂಗಳು, ಜೊತೆಗೆ ಐದು ಹೆಚ್ಚುವರಿ ದಿನ. ಅಧಿಕ ವರ್ಷವಿಲ್ಲದ್ದರಿಂದ ಹಬ್ಬಗಳು ನಾಲ್ಕು ವರ್ಷಕ್ಕೊಂದು ದಿನ ಹಿಂದೆ ಸರಿಯುತ್ತವೆ. ಹೊಸವರ್ಷ ‘ದೆಹ್ವಾ ರಬ್ಬಾ’ ಈಗ ಜುಲೈನಲ್ಲಿ ಬೀಳುತ್ತದೆ. ಆಗ 36 ಗಂಟೆ ಮನೆಯೊಳಗೇ ಇರಬೇಕು. ಕಾವಲಿನ ಉಥ್ರಾಗಳೆಲ್ಲ ಮೇಲಿನ ಲೋಕಕ್ಕೆ ಹೋಗಿರುವುದರಿಂದ ಹರಿಯುವ ನೀರು ರಕ್ಷಣೆಯಿಲ್ಲದೆ ಇರುತ್ತದೆ, ಮುಟ್ಟುವಂತಿಲ್ಲ. ಅಡುಗೆ, ನೀರು ಎಲ್ಲ ಮುಂಚೆಯೇ ತುಂಬಿಟ್ಟುಕೊಳ್ಳುತ್ತಾರೆ. ಹೆಚ್ಚುವರಿ ಐದು ದಿನಗಳೇ ‘ಪರ್ವಾನಾಯಾ’, ಮಾರ್ಚ್ ನಡುಭಾಗದಲ್ಲಿ. ಬೆಳಕಿನ ಬಾಗಿಲು ತೆರೆದಿರುವ ಆ ದಿನಗಳಲ್ಲಿ ಭಾನುವಾರಕ್ಕೆ ಕಾಯಬೇಕಿಲ್ಲ, ರಾತ್ರಿಯೂ ಸ್ನಾನ ಮಾಡಿಸಬಹುದು. ‘ಅಶೂರಿಯಾ’ ಎಂಬ ದಿನ, ಮೋಶೆಯ ಜನರನ್ನು ಬೆನ್ನಟ್ಟಿ ಕೆಂಪು ಸಮುದ್ರದಲ್ಲಿ ಮುಳುಗಿದ ಈಜಿಪ್ಟಿನವರಿಗೆ ಎಡೆ. ಮೋಶೆಯ ಕಥೆಯನ್ನು ಆಚೆ ದಡದಿಂದ ನೆನೆಯುವವರು ಇವರು.

ಊಟ, ಮದುವೆಗೆ ಏನು ಕಟ್ಟಳೆ?

ಗಂಡು ಕುರಿ, ಕೋಳಿ, ಮೀನು ಆಗಬಹುದು. ಕೊಯ್ಯುವವನು ಮಡಿಯಲ್ಲಿದ್ದು, ಪ್ರಾಣಿಯನ್ನು ತೊಳೆದು, ಕಬ್ಬಿಣದ ಚೂರಿಯ ಜೊತೆ ಒಂದು ಕಡ್ಡಿ ಹಿಡಿದು ಕೊಯ್ಯಬೇಕು. ಸಾಕ್ಷಿ ಹಿಂದೆ ನಿಂತು ಹೆಗಲ ಮೇಲೆ ಕೈಯಿಡುತ್ತಾನೆ. ಕೊಲ್ಲುವುದು ಪಾಪವೇ, ಆದ್ದರಿಂದ ಕ್ಷಮೆ ಕೇಳುವ ಮಾತು ಮಂತ್ರದಲ್ಲೇ ಇದೆ. ಸುನ್ನತಿ ನಿಷಿದ್ಧ, ದೇಹಕ್ಕೆ ಊನ ಮಾಡಬಾರದು. ಮದುವೆಯ ದಿನ ವಧೂವರರಿಬ್ಬರಿಗೂ ಮಸ್ಬುತಾ ಆಗಬೇಕು, ಮದುವೆಯ ನಂತರ ಏಳು ದಿನ ಇಬ್ಬರಿಗೂ ಮೈಲಿಗೆ.

ಹೊರಗಿನವರು ಸೇರಬಹುದೇ?

ಇಲ್ಲ. ತಂದೆ ತಾಯಿ ಇಬ್ಬರೂ ಮಂದಾಯಿಗಳಾಗಿರಬೇಕು. ಹೊರಗೆ ಮದುವೆಯಾದವರ ಮಕ್ಕಳನ್ನು ಪುರೋಹಿತರು ಒಪ್ಪುವುದಿಲ್ಲ. ವಲಸೆ ದೇಶಗಳಲ್ಲಿ ಈ ನಿಯಮ ಸಡಿಲಿಸಬೇಕೆಂಬ ಒತ್ತಾಯವಿದೆ. ಹಾಗೆ ಮಾಡಿದರೆ ಮಸ್ಬುತಾವೇ ಕೆಡುತ್ತದೆ ಎಂಬುದು ಪುರೋಹಿತರ ಉತ್ತರ.

ಈಗ ಎಷ್ಟು ಜನರಿದ್ದಾರೆ? ಊರು ಬಿಟ್ಟದ್ದು ಯಾಕೆ?

ಜಗತ್ತಿನಲ್ಲಿ ಒಟ್ಟು 60,000ದಿಂದ 70,000 ಎಂಬ ಅಂದಾಜಿದೆ. 2003ಕ್ಕೆ ಮುಂಚೆ ಬಹುಪಾಲು ಇರಾಕಿನಲ್ಲೇ ಇದ್ದರು. ಈಗ ಅಲ್ಲಿ ಕೆಲವೇ ಸಾವಿರ. 1991ರ ಬಂಡಾಯದ ನಂತರ ಸದ್ದಾಂ ಸರ್ಕಾರ ಜೌಗುಸೀಮೆಯ ನೀರನ್ನು ಬತ್ತಿಸಿದಾಗ ಹಳೆಯ ಊರುಗಳು ಬರಿದಾದವು. 2003ರ ಯುದ್ಧದ ನಂತರ ಅಕ್ಕಸಾಲಿಗರ ಅಂಗಡಿಗಳು ದರೋಡೆಗೂ ಅಪಹರಣಕ್ಕೂ ಸುಲಭದ ಗುರಿಯಾದವು. ಆಯುಧ ಹಿಡಿಯುವುದನ್ನು ಧರ್ಮವೇ ಒಪ್ಪುವುದಿಲ್ಲ, ಬೆನ್ನಿಗೆ ನಿಲ್ಲುವ ಬುಡಕಟ್ಟು ಸೇನೆಯೂ ಇರಲಿಲ್ಲ. 2005ರ ಇರಾಕ್ ಸಂವಿಧಾನ ಇವರ ಹೆಸರು ಹೇಳಿ ಹಕ್ಕು ಕೊಟ್ಟಿದೆ, ಸಂಸತ್ತಿನಲ್ಲಿ ಒಂದು ಮೀಸಲು ಸ್ಥಾನವಿದೆ. ಇರಾನಿನ ಸಂವಿಧಾನ ಮಾನ್ಯಮಾಡುವ ಅಲ್ಪಸಂಖ್ಯಾತರು ಜರತುಷ್ಟ್ರರು, ಯಹೂದಿಗಳು, ಕ್ರೈಸ್ತರು ಮಾತ್ರ. ಮಂದಾಯಿಗಳ ಹೆಸರು ಅಲ್ಲಿಲ್ಲ. ಇಂದು ದೊಡ್ಡ ನೆಲೆಗಳು ಆಸ್ಟ್ರೇಲಿಯಾದ ಸಿಡ್ನಿ ಮತ್ತು ಸ್ವೀಡನ್. ಅಮೆರಿಕದಲ್ಲಿ ವುಸ್ಟರ್, ಸ್ಯಾನ್ ಆಂಟೋನಿಯೊ ನಗರಗಳಲ್ಲಿಯೂ ಇದ್ದಾರೆ. ಸ್ವೀಡನ್ನಿನ ದಾಲ್‌ಬಿಯಲ್ಲಿ 2018ರಲ್ಲಿ ಹೊಸ ‘ಮಂದಿ’ ಪೂಜಾಗೃಹದ ಪ್ರತಿಷ್ಠೆಯಾಯಿತು.

ಮಸ್ಬುತಾ ನೋಡಲು ಹೋಗಬಹುದೇ?

ಸಿಡ್ನಿಯ ಪಶ್ಚಿಮ ಬಡಾವಣೆಗಳಲ್ಲಿರುವ ಕನ್ನಡಿಗರಿಗೆ ಇದು ಹತ್ತಿರದ ಮಾತು: ಪೆನ್‌ರಿತ್ ಬಳಿಯ ನೆಪಿಯನ್ ನದಿಯಲ್ಲಿ ಸ್ನಾನ ನಡೆಯುತ್ತದೆ. ದೂರ ನಿಂತು ನೋಡಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಪುರೋಹಿತರನ್ನಾಗಲಿ ರಸ್ತಾ ತೊಟ್ಟವರನ್ನಾಗಲಿ ಮುಟ್ಟಬೇಡಿ, ಕೈಕುಲುಕಲು ಹೋಗಬೇಡಿ. ಒಂದು ಸ್ಪರ್ಶಕ್ಕೆ ಅವರು ಮತ್ತೆ ಮೊದಲಿಂದ ನೀರಿಗಿಳಿಯಬೇಕಾದೀತು. ದ್ರಬ್ಶಾಕ್ಕೂ ನೀರಿಗೂ ನಡುವೆ ಹಾಯಬೇಡಿ. ದಂಡೆಯಲ್ಲಿ ಕೂತವರನ್ನು ಮಾತಾಡಿಸಬೇಡಿ, ವಿಧಿ ಮುಗಿಯುವವರೆಗೆ ಅವರು ಉತ್ತರಿಸುವಂತಿಲ್ಲ. ಫೋಟೊಗೆ ಮೊದಲೇ ಕೇಳಿ, ಹೆಂಗಸರು ನೀರಿನಲ್ಲಿರುವಾಗ ಕೇಳಲೂ ಬೇಡಿ. ಪ್ರಶ್ನೆಗಳಿದ್ದರೆ ಧ್ವಜ ಇಳಿಸಿದ ಮೇಲೆ ಶ್ಗಂದಾನ ಬಳಿ ಹೋಗಿ.